'ಜನರಲ್ ವೆಲ್‌ಫೇರ್' ಅಂದರೆ ಸರ್ಕಾರ ಏನು ಬೇಕಾದರೂ ಮಾಡಬಹುದಾ? ಅಮೆರಿಕದ ಸಂವಿಧಾನದ ಎರಡು ಪದಗಳ ಜಗಳ

ಸಂಜೆಓದು:
ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕಕ್ಕೆ ಬಂದು ಆರು ವರ್ಷ ಆಯಿತು. ಮೊನ್ನೆ ಆಫೀಸಿನಲ್ಲಿ ಊಟಕ್ಕೆ ಕೂತಾಗ ಇಬ್ಬರು ಸಹೋದ್ಯೋಗಿಗಳು ಜೋರಾಗಿ ವಾದಕ್ಕೆ ಬಿದ್ದರು. ಸೋಷಿಯಲ್ ಸೆಕ್ಯುರಿಟಿ (ಮುದುಕರ ಪಿಂಚಣಿ), ಮೆಡಿಕೇರ್ (ಮುದುಕರ ಆರೋಗ್ಯ ವಿಮೆ) ಎಲ್ಲ ಸಂವಿಧಾನಕ್ಕೆ ವಿರುದ್ಧ, ಕೇಂದ್ರ ಸರ್ಕಾರಕ್ಕೆ ಆ ಅಧಿಕಾರವನ್ನು ಯಾರೂ ಕೊಟ್ಟಿಲ್ಲ ಅಂತ ಒಬ್ಬರು. ಮೊದಲ ಸಾಲಿನಲ್ಲೇ 'ಜನರಲ್ ವೆಲ್‌ಫೇರ್' ಅಂತ ಬರೆದಿದೆಯಲ್ಲ, ಜನರಿಗೆ ಒಳ್ಳೆಯದಾಗುವ ಯಾವ ಕಾನೂನನ್ನು ಬೇಕಾದರೂ ಮಾಡಬಹುದು ಅಂತ ಇನ್ನೊಬ್ಬರು. ತಮಾಷೆ ಅಂದರೆ ಇಬ್ಬರೂ ಫೋನ್ ತೆಗೆದು ಅದೇ ಸಂವಿಧಾನವನ್ನು ನನ್ನ ಮುಂದೆ ಹಿಡಿದರು.

ನಾನು ಸುಮ್ನೆ ಊಟ ಮುಗಿಸಿ ಎದ್ದೆ. ಆದರೆ ತಲೆಯಿಂದ ಹೋಗುತ್ತಿಲ್ಲ. ಇದರಲ್ಲಿ ಯಾರದ್ದು ಸರಿ? ಇಲ್ಲಿ ಕಾನೂನು ಓದಿದವರಿದ್ದೀರಿ, ಇತಿಹಾಸ ಓದಿದವರಿದ್ದೀರಿ. ಸ್ವಲ್ಪ ಬಿಡಿಸಿ ಹೇಳಿ.

ಕೆಂಪುಶಾಯಿ:
ಇಬ್ಬರದ್ದೂ ತಪ್ಪು. ಎರಡನೆಯವರದ್ದು ಸ್ವಲ್ಪ ಜಾಸ್ತಿ ತಪ್ಪು.

ಆ ಎರಡು ಪದಗಳು ಸಂವಿಧಾನದಲ್ಲಿ ಎರಡು ಕಡೆ ಬರುತ್ತವೆ. ಒಂದು ಪೀಠಿಕೆಯಲ್ಲಿ. ಇನ್ನೊಂದು ಮೊದಲನೇ ವಿಧಿಯ 8ನೇ ಸೆಕ್ಷನ್ನಿನ ಮೊದಲ ಕಲಮಿನಲ್ಲಿ. ಪೀಠಿಕೆ ಅಂದರೆ ಮನೆಯ ಮುಂದಿನ ನಾಮಫಲಕ ಇದ್ದ ಹಾಗೆ. ಯಾರ ಮನೆ ಅಂತ ಹೇಳುತ್ತದೆ, ಬೀಗದ ಕೈ ಕೊಡುವುದಿಲ್ಲ. ಸುಪ್ರೀಂ ಕೋರ್ಟ್ ಇದನ್ನು 1905ರಲ್ಲೇ ಹೇಳಿದೆ, ಜೇಕಬ್ಸನ್ ಕೇಸಿನಲ್ಲಿ. ಸಿಡುಬಿನ ಲಸಿಕೆ ಹಾಕಿಸಿಕೊಳ್ಳಲ್ಲ ಅಂದ ಒಬ್ಬ ಪಾದ್ರಿಗೆ 5 ಡಾಲರ್ ದಂಡ ಬಿದ್ದಿತ್ತು. ನನ್ನ ಹಕ್ಕು ಪೀಠಿಕೆಯಲ್ಲಿದೆ ಅಂತ ಅವರು ವಾದಿಸಿದರು. ಪೀಠಿಕೆಯಿಂದ ಸರ್ಕಾರಕ್ಕೆ ಯಾವ ಅಧಿಕಾರವೂ ಹುಟ್ಟುವುದಿಲ್ಲ ಅಂತ ಕೋರ್ಟ್ ಹೇಳಿತು. ಹಾಗಾಗಿ ಜಗಳ ಆಡುವುದಿದ್ದರೆ 8ನೇ ಸೆಕ್ಷನ್ ಮೇಲೆ ಆಡಬೇಕು.

ಬಡ್ಡಿಲೆಕ್ಕ:
ಕೆಂಪುಶಾಯಿಯವರೇ, ಮೊದಲನೆಯವರದ್ದು ತಪ್ಪು ಅಂತ ಅಷ್ಟು ಸಲೀಸಾಗಿ ಹೇಳಬೇಡಿ. ಅವರ ಬೆನ್ನಿಗೆ ಮ್ಯಾಡಿಸನ್ ಇದ್ದಾರೆ. ಸಂವಿಧಾನದ ಕರಡಿನಲ್ಲಿ ಯಾರಿಗಿಂತಲೂ ಜಾಸ್ತಿ ಬೆವರು ಸುರಿಸಿದ ಮನುಷ್ಯ.

ಆ ಕಲಮು ಏನು ಹೇಳುತ್ತದೆ? ಸಾಲ ತೀರಿಸಲು, ದೇಶದ ರಕ್ಷಣೆಗೆ ಮತ್ತು 'ಜನರಲ್ ವೆಲ್‌ಫೇರ್'ಗೆ ಅಂತ ಕಾಂಗ್ರೆಸ್ ತೆರಿಗೆ ಹಾಕಬಹುದು. (ಅಲ್ಲಿ ಕಾಂಗ್ರೆಸ್ ಅಂದರೆ ಸಂಸತ್ತು, ಪಕ್ಷ ಅಲ್ಲ. ಹೊಸಬರಿಗಾಗಿ ಹೇಳಿದೆ.) ಅದರ ಕೆಳಗೆ ಉದ್ದ ಪಟ್ಟಿ ಇದೆ. ಸಾಲ ಎತ್ತುವುದು, ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರ, ನಾಣ್ಯ, ಅಂಚೆ, ಪೇಟೆಂಟು, ಸೈನ್ಯ, ನೌಕಾಪಡೆ. ಒಟ್ಟು 18 ಕಲಮು. ವೆಲ್‌ಫೇರ್ ಅನ್ನುವ ಒಂದೇ ಪದದಲ್ಲಿ ಎಲ್ಲವೂ ಬಂದುಬಿಟ್ಟರೆ ಉಳಿದ 17 ಕಲಮುಗಳನ್ನು ಯಾಕೆ ಬರೆದರು? ಶಾಯಿ ಜಾಸ್ತಿ ಇತ್ತಾ?

ಮ್ಯಾಡಿಸನ್ ಇದನ್ನೇ 1788ರ ಜನವರಿಯಲ್ಲಿ ಫೆಡರಲಿಸ್ಟ್ (ಹೊಸ ಸಂವಿಧಾನದ ಪರವಾಗಿ ಬರೆದ ಲೇಖನಮಾಲೆ) 41ನೇ ಲೇಖನದಲ್ಲಿ ಬರೆದರು. ಮೊದಲು ಒಂದು ಒಟ್ಟಾರೆ ಮಾತು ಹೇಳಿ, ಆಮೇಲೆ ಬಿಡಿಬಿಡಿಯಾಗಿ ವಿವರಿಸುವುದು ಎಲ್ಲ ಭಾಷೆಯಲ್ಲೂ ಇರುವ ಪದ್ಧತಿ ಅಂದರು. 'ಮದುವೆಗೆ ಬೇಕಾದ್ದೆಲ್ಲ ತಗೊಂಡು ಬಾ: ಹೂವು, ಹಣ್ಣು, ಅಕ್ಕಿ' ಅಂದರೆ ಅಂಗಡಿಯವನ ಗಾಡಿಯನ್ನೂ ತಗೊಂಡು ಬಾ ಅಂತ ಅರ್ಥ ಅಲ್ಲ.

ಪ್ರಶ್ನಾರ್ಥಕ:
ನನ್ನದು ಭಾಷೆಯ ಪ್ರಶ್ನೆ. ಕಾನೂನಿನವರು ಬೈಯಬೇಡಿ.

ಈ 'ವೆಲ್‌ಫೇರ್' ಪದಕ್ಕೆ ನಾವು ತಕ್ಷಣ 'ಕಲ್ಯಾಣ' ಅಂತೀವಿ. ಹಾಗಂದ ಕೂಡಲೇ ಕಣ್ಣ ಮುಂದೆ ಬರುವುದು ಯೋಜನೆ, ಫಲಾನುಭವಿ, ಅರ್ಜಿ, ಸಾಲು. ಇಂಗ್ಲಿಷಿನಲ್ಲೂ ಈಗ ಅದೇ ಕಥೆ. ಆದರೆ ಬಡವರಿಗೆ ಸರ್ಕಾರ ಕೊಡುವ ನೆರವು ಅನ್ನುವ ಅರ್ಥ ಆ ಪದಕ್ಕೆ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಹದಿನೆಂಟನೇ ಶತಮಾನದ ಜಾನ್ಸನ್ ನಿಘಂಟಿನಲ್ಲಿ ಅದಕ್ಕೆ ಕೊಟ್ಟಿರುವ ಅರ್ಥ ಸುಖ, ಯಶಸ್ಸು, ಏಳಿಗೆ. ಅಂದರೆ ನಮ್ಮ ಹಳೇ ಕಾಗದಗಳಲ್ಲಿ 'ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ' ಅಂತ ಬರೆಯುತ್ತಿದ್ದೆವಲ್ಲ, ಆ ಕ್ಷೇಮ. ನನ್ನ ಮಟ್ಟಿಗೆ 'ಎಲ್ಲರ ಯೋಗಕ್ಷೇಮ' ಅನ್ನುವುದೇ ಹತ್ತಿರದ ಮಾತು.

ಹಾಗಾದರೆ ಸಂಜೆಓದು ಅವರ ಸಹೋದ್ಯೋಗಿಗಳಿಬ್ಬರೂ ಇವತ್ತಿನ ಪದವನ್ನು ಅವತ್ತಿನ ಕಾಗದದ ಮೇಲೆ ಅಂಟಿಸುತ್ತಿದ್ದಾರೆ, ಅಲ್ವಾ?

ಬಡ್ಡಿಲೆಕ್ಕ:
ನೋಡಿ, ನೀವೇ ಹೇಳಿಬಿಟ್ಟಿರಿ.

ಪ್ರಶ್ನಾರ್ಥಕ:
ಇಲ್ಲ ಸಾರ್, ನಿಮ್ಮ ಪರವಾಗಿ ಹೇಳಲಿಲ್ಲ. ಯೋಗಕ್ಷೇಮ ಅನ್ನುವುದು ನೆರವಿಗಿಂತ ದೊಡ್ಡ ಪದ, ಚಿಕ್ಕದಲ್ಲ. ಅದರೊಳಗೆ ನೆರವೂ ಹಿಡಿಸಬಹುದು, ಬಂದರಿನ ದೀಪಸ್ತಂಭವೂ ಹಿಡಿಸಬಹುದು.

ಹಳೇಪೇಪರ್:
ರಾತ್ರಿ ಕೂತು ಬರೆಯುತ್ತಿದ್ದೇನೆ, ಉದ್ದ ಆಗುತ್ತದೆ. ಬೇಜಾರಾದರೆ ದಾಟಿಕೊಂಡು ಹೋಗಿ.

ಈ ಪದಗಳು 1787ರಲ್ಲಿ ಆಕಾಶದಿಂದ ಬಿದ್ದದ್ದಲ್ಲ. ಅದಕ್ಕೂ ಮುಂಚೆ ಇದ್ದ ಒಕ್ಕೂಟದ ಕರಾರಿನಲ್ಲೇ, ಅಂದರೆ ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್‌ನಲ್ಲೇ, ಇದ್ದವು. ಯುದ್ಧದ ಖರ್ಚು, 'ಸಾಮಾನ್ಯ ರಕ್ಷಣೆ ಅಥವಾ ಜನರಲ್ ವೆಲ್‌ಫೇರ್'ಗಾಗಿ ಮಾಡಿದ ಖರ್ಚು ಎಲ್ಲವನ್ನೂ ಒಂದೇ ಖಜಾನೆಯಿಂದ ಕೊಡಬೇಕು ಅಂತ ಅದರ 8ನೇ ವಿಧಿ ಹೇಳುತ್ತದೆ. ಆಗ ಯಾರೂ ಹೆದರಲಿಲ್ಲ. ಯಾಕೆಂದರೆ ಆ ಕಾಂಗ್ರೆಸ್‌ಗೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ರಾಜ್ಯಗಳ ಮುಂದೆ ಕೈಚಾಚಿ ಕೂರಬೇಕಿತ್ತು. ಖಾಲಿ ಜೇಬಿನವನು ಊರಿಗೆಲ್ಲ ಊಟ ಹಾಕಿಸ್ತೀನಿ ಅಂದರೆ ಯಾರಿಗೆ ಭಯ? ಹೊಸ ಸಂವಿಧಾನ ಆ ಜೇಬು ತುಂಬಿಸಿತು. ಪದಗಳು ಹಳೆಯವೇ, ದುಡ್ಡು ಹೊಸದು. ಭಯ ಹುಟ್ಟಿದ್ದು ಅಲ್ಲಿ.

ಇನ್ನೊಂದು ಮಜಾ ಕೇಳಿ. ಈ ಪದಗಳಿಗೆ ಎಲ್ಲಕ್ಕಿಂತ ಅಗಲವಾದ ಅರ್ಥ ಕೊಟ್ಟವರು ಸಂವಿಧಾನದ ವಿರೋಧಿಗಳು. 'ಬ್ರೂಟಸ್' ಎಂಬ ಗುಪ್ತನಾಮದಲ್ಲಿ ಬರೆಯುತ್ತಿದ್ದವರು, ಇದರ ನೆಪದಲ್ಲಿ ಕೇಂದ್ರ ಸರ್ಕಾರ ರಾಜ್ಯಗಳನ್ನು ನುಂಗಿಹಾಕುತ್ತದೆ ಅಂತ ಎಚ್ಚರಿಸಿದರು. ಪರವಾಗಿದ್ದವರು 'ಛೇ ಛೇ, ಅಷ್ಟೆಲ್ಲ ಅರ್ಥ ಇಲ್ಲ' ಅಂತ ಸಮಾಧಾನ ಮಾಡಿದರು. ಬಡ್ಡಿಲೆಕ್ಕದವರು ಹೇಳಿದ 41ನೇ ಲೇಖನ ಅಂಥದ್ದೇ ಒಂದು ಸಮಾಧಾನ. ಇವತ್ತು ಸರ್ಕಾರದ ಖರ್ಚನ್ನು ಸಮರ್ಥಿಸುವವರು ಗೊತ್ತಿಲ್ಲದೇ ಬ್ರೂಟಸ್‌ನ ಅರ್ಥವನ್ನೇ ಹಿಡಿದುಕೊಂಡಿರುತ್ತಾರೆ!

ಸೆಮಿಕೋಲನ್ ಕಥೆಯನ್ನೂ ಹೇಳಿಬಿಡುತ್ತೇನೆ. ಸಂವಿಧಾನದ ಭಾಷೆ ತಿದ್ದಿದ ಸಮಿತಿಯ ಪ್ರತಿಯಲ್ಲಿ ತೆರಿಗೆಗಳ ಹೆಸರು ಮುಗಿದ ಕಡೆ ಕಾಮಾ ಬದಲು ಸೆಮಿಕೋಲನ್ ಬಿತ್ತು. ಹಾಗೆ ಓದಿದರೆ ಅರ್ಥವೇ ಬೇರೆ. ತೆರಿಗೆ ಹಾಕುವುದು ಒಂದು ಅಧಿಕಾರ, ಯೋಗಕ್ಷೇಮ ನೋಡಿಕೊಳ್ಳುವುದು ಅದರಿಂದ ಬೇರೆಯಾದ ಇನ್ನೊಂದು ಅಧಿಕಾರ ಅಂತಾಗುತ್ತದೆ. ಕೊನೆಯ ಪ್ರತಿಯಲ್ಲಿ ಮತ್ತೆ ಕಾಮಾ ಬಂತು. ಇದು ಬೇಕಂತಲೇ ಮಾಡಿದ ಕೈಚಳಕ, ಕನೆಕ್ಟಿಕಟ್‌ನ ಒಬ್ಬ ಸದಸ್ಯರು ಕಂಡುಹಿಡಿದು ಸರಿಪಡಿಸಿದರು ಅಂತ ಆಲ್ಬರ್ಟ್ ಗ್ಯಾಲಟಿನ್ 1798ರಲ್ಲಿ ಸದನದಲ್ಲೇ ಹೇಳಿದರು. ಕೈಚಳಕವೋ ಅಚ್ಚಿನ ತಪ್ಪೋ, ಒಂದು ಚುಕ್ಕಿ ಉಳಿದಿದ್ದರೆ ಬೇರೆಯದೇ ದೇಶ ಆಗುತ್ತಿತ್ತು ಅಂತ ವಾದಿಸುವವರು ಈಗಲೂ ಇದ್ದಾರೆ. ನನಗೆ ಅದು ಸ್ವಲ್ಪ ಅತಿ ಅನ್ನಿಸುತ್ತದೆ.

ಇನ್ನು ಹ್ಯಾಮಿಲ್ಟನ್. 1791ರ ಡಿಸೆಂಬರಿನಲ್ಲಿ, ಖಜಾನೆಯ ಕಾರ್ಯದರ್ಶಿಯಾಗಿ, ಕೈಗಾರಿಕೆಗಳ ಬಗ್ಗೆ ಒಂದು ವರದಿ ಕೊಟ್ಟರು. ಕಾಂಗ್ರೆಸ್ ತನ್ನ ದುಡ್ಡನ್ನು 18 ಕಲಮುಗಳ ಪಟ್ಟಿಯಲ್ಲಿಲ್ಲದ ಕೆಲಸಕ್ಕೂ ಖರ್ಚು ಮಾಡಬಹುದು. ವಿದ್ಯೆ, ಬೇಸಾಯ, ಕೈಗಾರಿಕೆ, ವ್ಯಾಪಾರ ಯಾವುದೇ ಇರಲಿ. ಷರತ್ತು ಒಂದೇ. ಕೆಲಸ ಇಡೀ ದೇಶದ್ದಾಗಿರಬೇಕು, ಒಂದು ಊರಿನದ್ದಾಗಿರಬಾರದು. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಅದನ್ನು ಯಾರೂ ಓದುವುದಿಲ್ಲ. ದುಡ್ಡು ಖರ್ಚು ಮಾಡಬಹುದು ಅಂದ ಮಾತ್ರಕ್ಕೆ ದೇಶಕ್ಕೆ ಒಳ್ಳೆಯದು ಅನ್ನಿಸಿದ ಬೇರೆ ಏನನ್ನಾದರೂ ಮಾಡಬಹುದು ಅಂತ ಅರ್ಥ ಅಲ್ಲ.

ಅಂದರೆ ಜಗಳದಲ್ಲಿ ಎರಡಲ್ಲ, ಮೂರು ಪಕ್ಷ ಇವೆ. ಮ್ಯಾಡಿಸನ್: ಪಟ್ಟಿಯಲ್ಲಿರುವ ಕೆಲಸಕ್ಕೆ ಮಾತ್ರ ದುಡ್ಡು. ಹ್ಯಾಮಿಲ್ಟನ್: ಇಡೀ ದೇಶಕ್ಕೆ ಬೇಕಾದ ಯಾವುದಕ್ಕಾದರೂ ದುಡ್ಡು, ಆದರೆ ದುಡ್ಡು ಮಾತ್ರ. ಮೂರನೆಯದು ಸಂಜೆಓದು ಅವರ ಎರಡನೇ ಸಹೋದ್ಯೋಗಿಯದ್ದು: ದುಡ್ಡೂ ಸರಿ, ಹುಕುಂ ಕೂಡ ಸರಿ. ಆ ಮೂರನೆಯದನ್ನು ಸುಪ್ರೀಂ ಕೋರ್ಟ್ ಯಾವತ್ತೂ ಒಪ್ಪಿಲ್ಲ.

ಸಂಜೆಓದು:
ಹಳೇಪೇಪರ್ ಸಾರ್, ಕೈಮುಗಿದೆ. 'ದುಡ್ಡು' ಮತ್ತು 'ಹುಕುಂ' ಬೇರೆ ಬೇರೆ ಅನ್ನುವುದು ಆ ಊಟದ ಟೇಬಲ್ಲಿನಲ್ಲಿ ಯಾರಿಗೂ ಹೊಳೆಯಲೇ ಇಲ್ಲ.

ಬಡ್ಡಿಲೆಕ್ಕ:
ಚೆನ್ನಾಗಿ ಬರೆದಿದ್ದೀರಿ, ಒಪ್ಪುತ್ತೇನೆ. ಆದರೆ ಹ್ಯಾಮಿಲ್ಟನ್ ಸಾಹೇಬರ ಮಾತು ಬದಲಾದದ್ದನ್ನು ಯಾಕೆ ಬಿಟ್ಟಿರಿ? ಸಂವಿಧಾನ ಪಾಸಾಗುವ ಮೊದಲು, ಫೆಡರಲಿಸ್ಟ್ 83ರಲ್ಲಿ, ಒಟ್ಟಾರೆ ಅಧಿಕಾರ ಕೊಡುವ ಉದ್ದೇಶ ಇದ್ದಿದ್ದರೆ ಹೀಗೆ ಪಟ್ಟಿ ಮಾಡುವುದು ಅರ್ಥವಿಲ್ಲದ್ದು ಅಂತ ಅವರೇ ಬರೆದಿದ್ದರು. ಪಾಸಾದ ಮೇಲೆ ಖಜಾನೆಯ ಬೀಗದ ಕೈ ಸಿಕ್ಕಿತು, ಅರ್ಥವೂ ಅಗಲ ಆಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು!

ಹಳೇಪೇಪರ್:
ಒಳ್ಳೇ ಏಟು. ಆದರೆ 83ರಲ್ಲಿ ಅವರು ಹೇಳಿದ್ದು ಕಾನೂನು ಮಾಡುವ ಒಟ್ಟಾರೆ ಅಧಿಕಾರದ ಬಗ್ಗೆ, ಖರ್ಚಿನ ಬಗ್ಗೆ ಅಲ್ಲ. ಎರಡೂ ಮಾತು ಒಟ್ಟಿಗೆ ನಿಲ್ಲುತ್ತವೆ. ಓದಿದ ಕೂಡಲೇ ಅನುಮಾನ ಬರುವುದಂತೂ ಸಹಜ, ಅದನ್ನು ಅಲ್ಲಗಳೆಯುವುದಿಲ್ಲ.

ಹಾಗೆ ನೋಡಿದರೆ ನಿಮ್ಮ ಮ್ಯಾಡಿಸನ್ ಕಡೆಯೂ ಒಂದು ತೂತು ಇದೆ. ವೆಲ್‌ಫೇರ್ ಅಂದರೆ ಕೆಳಗಿನ ಪಟ್ಟಿ ಮಾತ್ರ ಅಂದರೆ, ಆ ಪದ ಅಲ್ಲಿ ಯಾವ ಕೆಲಸ ಮಾಡುತ್ತಿದೆ? ತೆಗೆದುಹಾಕಿದರೂ ಏನೂ ಬದಲಾಗುವುದಿಲ್ಲ. ಹ್ಯಾಮಿಲ್ಟನ್ ಓದಿನಲ್ಲಿ ಪಟ್ಟಿ ದಂಡ ಅಂತೀರಿ, ನಿಮ್ಮ ಓದಿನಲ್ಲಿ ಪದವೇ ದಂಡ.

ಕಾಫಿಲೋಟ:
ಪಾಪ್‌ಕಾರ್ನ್ ತಗೊಂಡು ಕೂತಿದ್ದೇನೆ. ಮುಂದುವರಿಸಿ.

ಕೆಂಪುಶಾಯಿ:
ಮ್ಯಾಡಿಸನ್‌ಗೆ ಹೆದರಿಕೆ ಯಾಕಿತ್ತು ಅನ್ನುವುದು ಮೀನುಗಾರರ ಮಸೂದೆಯಲ್ಲಿ ಕಾಣುತ್ತದೆ. 1792ರ ಫೆಬ್ರವರಿ. ಕಾಡ್ ಮೀನು ಹಿಡಿಯುವವರಿಗೆ ಪ್ರೋತ್ಸಾಹಧನ ಕೊಡಬೇಕು ಅಂತ ಮಸೂದೆ ಬಂತು. ಮ್ಯಾಡಿಸನ್ ಎದ್ದು ನಿಂತರು. ಯೋಗಕ್ಷೇಮದ ಹೆಸರಿನಲ್ಲಿ ಎಷ್ಟು ಬೇಕಾದರೂ ಖರ್ಚು ಮಾಡಬಹುದು ಅಂತಾದರೆ, ನಾಳೆ ಧರ್ಮವನ್ನೂ ಕೈಗೆ ತೆಗೆದುಕೊಳ್ಳುತ್ತಾರೆ, ಊರೂರಿಗೂ ಮೇಷ್ಟರನ್ನು ನೇಮಿಸುತ್ತಾರೆ, ಶಾಲೆಗಳನ್ನು ನಡೆಸುತ್ತಾರೆ, ಬಡವರನ್ನು ನೋಡಿಕೊಳ್ಳುತ್ತಾರೆ, ರಸ್ತೆಗಳನ್ನೂ ಹಿಡಿದುಕೊಳ್ಳುತ್ತಾರೆ ಅಂದರು. ಧರ್ಮ ಒಂದನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ಇವತ್ತು ವಾಷಿಂಗ್ಟನ್ನಿನಿಂದ ದುಡ್ಡು ಹೋಗುತ್ತಿದೆ. ಭವಿಷ್ಯ ಹೇಳುವುದರಲ್ಲಿ ಮನುಷ್ಯ ಪಕ್ಕಾ.

ಕೊನೆಗೆ ಮೀನಿನ ಮಸೂದೆ ಏನಾಯಿತು ಅಂತೀರಾ? 'ಬೌಂಟಿ' (ಪ್ರೋತ್ಸಾಹಧನ) ಅನ್ನುವ ಪದ ತೆಗೆದು 'ಅಲೋಯೆನ್ಸ್' (ಭತ್ಯೆ) ಅಂತ ಹಾಕಿದರು. ಮೀನುಗಾರರು ಉಪ್ಪಿನ ಮೇಲೆ ಕಟ್ಟಿದ ಸುಂಕವನ್ನೇ ವಾಪಸ್ ಕೊಡುತ್ತಿದ್ದೇವೆ ಅನ್ನುವ ಲೆಕ್ಕ. ಪಾಸಾಯಿತು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಅನ್ನುವುದು ಅಲ್ಲಿಂದಲೇ ಶುರು.

ನಿರ್ವಾಹಕ:
ಇವತ್ತಿನ ಪಕ್ಷಗಳ ಬಗ್ಗೆ ಬಂದ ಎರಡು ಕಾಮೆಂಟ್ ತೆಗೆದಿದ್ದೇನೆ. ವಿಷಯದ ಮೇಲೆ ಇರಿ.

ಬಡ್ಡಿಲೆಕ್ಕ:
ಮ್ಯಾಡಿಸನ್ ಬರೀ ಮಾತಿನ ಮನುಷ್ಯ ಅಲ್ಲ ಅನ್ನುವುದಕ್ಕೆ 1817ರ ಮಾರ್ಚ್ 3 ಸಾಕ್ಷಿ. ಆಗ ಅವರು ಅಧ್ಯಕ್ಷರು, ಮರುದಿನ ಅಧಿಕಾರ ಬಿಡಬೇಕು. ರಸ್ತೆ, ಕಾಲುವೆಗಳಿಗೆ ಕೇಂದ್ರದ ದುಡ್ಡು ಇಡುವ ಬೋನಸ್ ಮಸೂದೆ ಟೇಬಲ್ ಮೇಲಿತ್ತು. ರಸ್ತೆ ಬೇಡ ಅಂತಲ್ಲ, ಅವರಿಗೆ ಬೇಕೇ ಇತ್ತು. ಆದರೆ ಸಂವಿಧಾನದಲ್ಲಿ ಅಧಿಕಾರ ಇಲ್ಲ, ಬೇಕಿದ್ದರೆ ತಿದ್ದುಪಡಿ ಮಾಡಿ ಅಂತ ವೀಟೊ ಮಾಡಿದರು, ಅಂದರೆ ಸಹಿ ಹಾಕದೆ ವಾಪಸ್ ಕಳಿಸಿದರು. ತನಗೆ ಇಷ್ಟವಿದ್ದ ಕೆಲಸಕ್ಕೇ ಇಲ್ಲ ಅನ್ನುವವನನ್ನು ನಾನು ನಂಬುತ್ತೇನೆ.

ಅವರ ನಂತರದ ಕೆಲವು ಅಧ್ಯಕ್ಷರೂ ಇದೇ ದಾರಿ ಹಿಡಿದರು. ಜಾಕ್ಸನ್ 1830ರಲ್ಲಿ ಕೆಂಟಕಿಯ ಮೇಸ್‌ವಿಲ್ ರಸ್ತೆಗೆ ವೀಟೊ ಹಾಕಿದರು, ಒಂದೇ ರಾಜ್ಯದೊಳಗಿನ ರಸ್ತೆ ಅಂತ. ಕ್ಲೀವ್‌ಲ್ಯಾಂಡ್ 1887ರಲ್ಲಿ, ಬರ ಬಿದ್ದ ಟೆಕ್ಸಾಸ್ ರೈತರಿಗೆ ಬಿತ್ತನೆ ಬೀಜ ಕೊಡಲು ಇಟ್ಟ ಬರೀ 10,000 ಡಾಲರಿಗೂ ವೀಟೊ ಹಾಕಿದರು. ಜನ ಸರ್ಕಾರವನ್ನು ಸಾಕಬೇಕು, ಸರ್ಕಾರ ಜನರನ್ನು ಸಾಕಬಾರದು ಅನ್ನುವುದು ಅವರ ಮಾತು.

ಅಜ್ಜಿಮನೆ:
ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಆದರೆ ಬಡ್ಡಿಲೆಕ್ಕದವರು ಒಂದು ವೀಟೊ ಬಿಟ್ಟರು. ನನಗೆ ನಿದ್ದೆಗೆಡಿಸಿದ್ದು ಅದೇ.

ಡೊರೊಥಿಯಾ ಡಿಕ್ಸ್ ಅಂತ ಒಬ್ಬ ಹೆಂಗಸು. ಮಾನಸಿಕ ಕಾಯಿಲೆಯವರನ್ನು ಜೈಲುಗಳಲ್ಲಿ, ಧರ್ಮಶಾಲೆಗಳಲ್ಲಿ ಸರಪಳಿ ಹಾಕಿ ಇಟ್ಟಿದ್ದನ್ನು ಊರೂರು ತಿರುಗಿ ನೋಡಿ, ಬರೆದು, ಶಾಸನಸಭೆಗಳ ಮುಂದೆ ಇಟ್ಟರು. ಅಂಥವರಲ್ಲಿ ಬಡವರಾದವರ ಆರೈಕೆಗೆ ಕೇಂದ್ರ ಸರ್ಕಾರದ ಜಮೀನನ್ನು ರಾಜ್ಯಗಳಿಗೆ ಕೊಡುವ ಮಸೂದೆ ವರ್ಷಗಟ್ಟಲೆ ಓಡಾಡಿ ಕೊನೆಗೂ ಎರಡೂ ಸದನಗಳಲ್ಲಿ ಪಾಸಾಯಿತು. 1854ರ ಮೇ ತಿಂಗಳಲ್ಲಿ ಅಧ್ಯಕ್ಷ ಪಿಯರ್ಸ್ ವೀಟೊ ಮಾಡಿದರು. ಇವರನ್ನು ನೋಡಿಕೊಳ್ಳುವ ಅಧಿಕಾರ ಕಾಂಗ್ರೆಸ್‌ಗೆ ಇದ್ದರೆ ಎಲ್ಲ ಬಡವರನ್ನೂ ನೋಡಿಕೊಳ್ಳುವ ಅಧಿಕಾರ ಇರಬೇಕಾಗುತ್ತದೆ ಅನ್ನುವುದು ಅವರ ತರ್ಕ. ಮನಸ್ಸಿಗೆ ಕರುಣೆ ಇದೆ, ಆದರೆ ಸಂವಿಧಾನ ಬಿಡುವುದಿಲ್ಲ ಅಂತ ಅರ್ಥ ಬರುವ ಹಾಗೆ ಬರೆದರು.

ತರ್ಕ ಸರಿ ಇರಬಹುದು. ಸರಪಳಿಯಲ್ಲಿದ್ದವರಿಗೆ ಆ ತರ್ಕ ಏನು ಕೊಟ್ಟಿತು? ಬೀಜದ ಕಥೆಯನ್ನು ಹೆಮ್ಮೆಯಿಂದ ಹೇಳುವವರು ಈ ಕಥೆಯನ್ನೂ ಜೊತೆಗೆ ಹೇಳಬೇಕು.

ಬಡ್ಡಿಲೆಕ್ಕ:
ಅಜ್ಜಿಮನೆ ಅಮ್ಮ, ನಿಮ್ಮ ಮಾತು ಚುಚ್ಚಿತು. ನಿಜ, ಅದನ್ನು ನಾನು ಬಿಟ್ಟೆ. ಆದರೂ ನನ್ನ ಉತ್ತರ ಒಂದೇ. ರಾಜ್ಯಗಳು ಮಾಡಬಹುದಿತ್ತು, ಮಾಡಬೇಕಿತ್ತು. ಯಾರು ಮಾಡಬೇಕು ಅನ್ನುವುದು ಬೇರೆ, ಮಾಡಬೇಕಾ ಅನ್ನುವುದು ಬೇರೆ.

ಕೋರ್ಟುಕಟ್ಟೆ:
ತಡವಾಗಿ ಬಂದೆ, ಕ್ಷಮಿಸಿ. ಇಷ್ಟೂ ಓದಿದ ಮೇಲೆ ನನಗೆ ಅನ್ನಿಸಿದ್ದು: 150 ವರ್ಷ ಈ ಜಗಳ ಅಧ್ಯಕ್ಷರು ಮತ್ತು ಕಾಂಗ್ರೆಸ್ ನಡುವೆ ನಡೆಯಿತು, ಕೋರ್ಟಿನಲ್ಲಿ ಅಲ್ಲ. ಯಾಕೆ? ಕೋರ್ಟಿಗೆ ಹೋಗುವುದು ಯಾರು? 'ನನ್ನ ತೆರಿಗೆ ದುಡ್ಡು ಪೋಲಾಗುತ್ತಿದೆ' ಅಂತ ಒಬ್ಬ ಮಹಿಳೆ ಹೋದರು. ತಾಯಿ ಮಕ್ಕಳ ಆರೋಗ್ಯಕ್ಕೆ ದುಡ್ಡು ಕೊಡುವ ಕಾನೂನಿನ ವಿರುದ್ಧ. ಒಟ್ಟು ಖಜಾನೆಯಲ್ಲಿ ನಿಮ್ಮ ಪಾಲು ಲೆಕ್ಕಕ್ಕೇ ಸಿಗದಷ್ಟು ಸಣ್ಣದು, ನಿಮಗೆ ಕೇಸು ಹಾಕುವ ಹಕ್ಕೇ ಇಲ್ಲ ಅಂತ 1923ರಲ್ಲಿ ಸುಪ್ರೀಂ ಕೋರ್ಟ್ ವಾಪಸ್ ಕಳಿಸಿತು. ಅದು ಫ್ರೋತಿಂಗ್‌ಹ್ಯಾಮ್ ಕೇಸು.

1936ರಲ್ಲಿ ಬಾಗಿಲು ತೆರೆಯಿತು. ಆರ್ಥಿಕ ಕುಸಿತದ ಕಾಲದಲ್ಲಿ ರೂಸ್‌ವೆಲ್ಟ್ ಸರ್ಕಾರ ಬೆಳೆ ಕಡಿಮೆ ಬಿತ್ತುವ ರೈತರಿಗೆ ದುಡ್ಡು ಕೊಡುತ್ತಿತ್ತು. ಆ ದುಡ್ಡಿಗಾಗಿ ಹತ್ತಿ ಗಿರಣಿಯಂಥವರ ಮೇಲೆ ಬೇರೆಯೇ ತೆರಿಗೆ ಹಾಕಿತ್ತು. ಗಿರಣಿಯ ಕಡೆಯವರು ಕೋರ್ಟಿಗೆ ಹೋದರು. ಅವರ ಕೈಯಿಂದ ನೇರವಾಗಿ ದುಡ್ಡು ಹೋಗುತ್ತಿದ್ದರಿಂದ ಕೋರ್ಟ್ ಕೇಳಲೇಬೇಕಾಯಿತು. ಇದೇ ಬಟ್ಲರ್ ಕೇಸು. ಮ್ಯಾಡಿಸನ್ನಾ ಹ್ಯಾಮಿಲ್ಟನ್ನಾ ಅಂತ ಕೋರ್ಟ್ ಮೊದಲ ಸಲ ನೇರವಾಗಿ ಕೇಳಿಕೊಂಡಿತು.

ಕಾಫಿಲೋಟ:
ಹ್ಯಾಮಿಲ್ಟನ್ ಗೆದ್ದರು, ರೈತರಿಗೆ ದುಡ್ಡು ಸಿಕ್ಕಿತು. ಇಷ್ಟು ನನಗೂ ಗೊತ್ತು ಸಾರ್.

ಕೋರ್ಟುಕಟ್ಟೆ:
ಅಲ್ಲೇ ಎಲ್ಲರೂ ಎಡವುವುದು. ಹ್ಯಾಮಿಲ್ಟನ್ ಗೆದ್ದರು, ರೈತರು ಸೋತರು! ಜಸ್ಟಿಸ್ ರಾಬರ್ಟ್ಸ್ ತೀರ್ಪು ಬರೆದರು. ಹ್ಯಾಮಿಲ್ಟನ್ ಅರ್ಥವೇ ಸರಿ, ಖರ್ಚಿಗೆ ಪಟ್ಟಿಯ ಮಿತಿ ಇಲ್ಲ ಅಂದರು. ಮುಂದಿನ ಪುಟಗಳಲ್ಲಿ, ಆದರೆ ಬೇಸಾಯ ರಾಜ್ಯಗಳ ವಿಷಯ, ದುಡ್ಡು ತೋರಿಸಿ ಅದನ್ನು ನಿಯಂತ್ರಿಸುವ ಹಾಗಿಲ್ಲ ಅಂತ ಕಾನೂನನ್ನೇ ರದ್ದು ಮಾಡಿದರು. ನ್ಯಾಯಮೂರ್ತಿಗಳ ಮತ 6-3. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಎರಡೂ ಕಡೆಯವರು ಇವತ್ತಿಗೂ ಅದೇ ತೀರ್ಪನ್ನು ತಮ್ಮದು ಅಂತಾರೆ.

ಮರುವರ್ಷ, 1937ರ ಮೇ 24ಕ್ಕೆ, ಸೋಷಿಯಲ್ ಸೆಕ್ಯುರಿಟಿ ಕೇಸಿನ ತೀರ್ಪು ಬಂತು. ಹೆಲ್ವರಿಂಗ್ ವಿರುದ್ಧ ಡೇವಿಸ್, 7-2. ಸಂಜೆಓದು, ನಿಮ್ಮ ಮೊದಲ ಸಹೋದ್ಯೋಗಿಗೆ ತೋರಿಸಬೇಕಾದ್ದು ಇದು. ಜಸ್ಟಿಸ್ ಕಾರ್ಡೋಜೊ ಎರಡು ಕೆಲಸ ಮಾಡಿದರು. ಯೋಗಕ್ಷೇಮದ ಅರ್ಥ ಕಲ್ಲಿನಲ್ಲಿ ಕೆತ್ತಿದ್ದಲ್ಲ, ನೂರು ವರ್ಷದ ಹಿಂದೆ ಒಂದು ಊರಿನದ್ದಾಗಿದ್ದ ತೊಂದರೆ ಇವತ್ತು ಇಡೀ ದೇಶದ್ದಾಗಬಹುದು ಅಂದರು. ಇದನ್ನು ಎಲ್ಲರೂ ಉದಾಹರಿಸುತ್ತಾರೆ. ನನಗೆ ಇಷ್ಟವಾದದ್ದು ಎರಡನೆಯದು: ರಾಜ್ಯಗಳೇ ಯಾಕೆ ಮಾಡಬಾರದು ಅನ್ನುವ ಪ್ರಶ್ನೆಗೆ ಕೊಟ್ಟ ಉತ್ತರ. ಒಂದು ರಾಜ್ಯ ಮುದುಕರಿಗೆ ಪಿಂಚಣಿ ಕೊಟ್ಟು ಪಕ್ಕದ ರಾಜ್ಯ ಕೊಡದಿದ್ದರೆ, ಬಡ ಮುದುಕರೆಲ್ಲ ಗಂಟುಮೂಟೆ ಕಟ್ಟಿಕೊಂಡು ಈ ರಾಜ್ಯಕ್ಕೆ ಬರುತ್ತಾರೆ. ತೆರಿಗೆ ಜಾಸ್ತಿ ಆಯಿತು ಅಂತ ವ್ಯಾಪಾರದವರಿಗೆ ಪಕ್ಕದ ರಾಜ್ಯ ಅಗ್ಗವಾಗಿ ಕಾಣುತ್ತದೆ. ಹಾಗಾಗಿ ಯಾವ ರಾಜ್ಯವೂ ಮೊದಲು ಕೈ ಹಾಕಲು ಮುಂದೆ ಬರುವುದಿಲ್ಲ. ಬಡ್ಡಿಲೆಕ್ಕದವರ 'ರಾಜ್ಯಗಳು ಮಾಡಬೇಕಿತ್ತು' ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಓದಿಲ್ಲ.

ಬಡ್ಡಿಲೆಕ್ಕ:
ಒಳ್ಳೆಯ ಉತ್ತರ, ಆದರೆ ಅದು ಅರ್ಥಶಾಸ್ತ್ರದ ಉತ್ತರ. ಬೇಕು ಅನ್ನಿಸಿದ್ದಕ್ಕೆಲ್ಲ ಅಧಿಕಾರ ಹುಟ್ಟುತ್ತದಾ? ಹಾಗಿದ್ದರೆ 10ನೇ ತಿದ್ದುಪಡಿ ಯಾಕೆ? ಕೊಡದ ಅಧಿಕಾರ ರಾಜ್ಯಗಳಿಗೆ, ಜನರಿಗೆ ಉಳಿದದ್ದು ಅಂತ 1791ರಲ್ಲೇ ಬರೆದಿಟ್ಟಿದ್ದಾರಲ್ಲ.

ಕೋರ್ಟುಕಟ್ಟೆ:
ಆ ತಿದ್ದುಪಡಿ ಸುತ್ತಿ ಬಳಸಿ ಮತ್ತೆ ಮೊದಲಿಗೇ ತರುತ್ತದೆ ಸಾರ್. ಕೊಟ್ಟದ್ದು ಎಷ್ಟು ಅನ್ನುವುದೇ ಜಗಳ ಆದಾಗ, ಕೊಡದ್ದು ಉಳಿದಿದೆ ಅಂದರೆ ಏನು ತೀರ್ಮಾನ ಆದ ಹಾಗಾಯಿತು?

ನನ್ನ ಅನಿಸಿಕೆ ಹೇಳುತ್ತೇನೆ. 1937ರ ನಂತರ 'ಯೋಗಕ್ಷೇಮ ಅಂದರೆ ಏನು' ಅನ್ನುವ ಪ್ರಶ್ನೆ ಕೋರ್ಟಿನಲ್ಲಿ ಹೆಚ್ಚು ಕಡಿಮೆ ಮುಗಿಯಿತು. ತೀರಾ ಮನಬಂದಂತೆ ಮಾಡದಿದ್ದರೆ ಅದನ್ನು ಕಾಂಗ್ರೆಸ್ಸೇ ತೀರ್ಮಾನಿಸಲಿ ಅಂತ ಬಿಟ್ಟರು. ಜಗಳ ಸಾಯಲಿಲ್ಲ, ಜಾಗ ಬದಲಾಯಿಸಿತು. ಈಗ ಪ್ರಶ್ನೆ ದುಡ್ಡಿನದ್ದಲ್ಲ, ದುಡ್ಡಿಗೆ ಕಟ್ಟಿದ ದಾರದ್ದು.

1984ರಲ್ಲಿ ಕಾಂಗ್ರೆಸ್ ಒಂದು ಕಾನೂನು ಮಾಡಿತು. 21 ವರ್ಷದ ಕೆಳಗಿನವರಿಗೆ ಮದ್ಯ ಕೊಳ್ಳಲು ಬಿಡುವ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ ಕಡಿತ. 19 ವರ್ಷದವರು ಕಡಿಮೆ ಮದ್ಯಾಂಶದ ಬಿಯರ್ ಕೊಳ್ಳಬಹುದಾಗಿದ್ದ ಸೌತ್ ಡಕೋಟ ಕೋರ್ಟಿಗೆ ಹೋಯಿತು. 1987ರಲ್ಲಿ 7-2ರಲ್ಲಿ ಸೋತಿತು. ಷರತ್ತು ಸ್ಪಷ್ಟವಾಗಿರಬೇಕು, ದುಡ್ಡಿನ ಉದ್ದೇಶಕ್ಕೆ ಸಂಬಂಧ ಇರಬೇಕು, ಒತ್ತಾಯ ಆಗಬಾರದು, ಹೀಗೆ ಕೆಲವು ಅಳತೆಗೋಲು ಇಟ್ಟರು. ಕಡಿತ 5% ಮಾತ್ರ, ಇದು ಸಣ್ಣ ಒತ್ತು ಅಷ್ಟೇ ಅಂದರು. ಜಸ್ಟಿಸ್ ಓ'ಕಾನರ್ ಒಪ್ಪಲಿಲ್ಲ. ರಸ್ತೆ ಕಟ್ಟುವುದಕ್ಕೂ ಕುಡಿಯುವ ವಯಸ್ಸಿಗೂ ಏನು ಸಂಬಂಧ ಅನ್ನುವುದು ಅವರ ತಕರಾರು.

2012ರಲ್ಲಿ ಮೊದಲ ಸಲ ದಾರ ಕಡಿಯಿತು. ಒಬಾಮಾ ಕಾಲದ ಆರೋಗ್ಯ ಕಾನೂನಿನಲ್ಲಿ, ಮೆಡಿಕೈಡ್ (ಬಡವರ ಆರೋಗ್ಯ ವಿಮೆ) ವಿಸ್ತರಿಸದ ರಾಜ್ಯ ಇರುವ ಮೆಡಿಕೈಡ್ ದುಡ್ಡನ್ನೂ ಪೂರ್ತಿ ಕಳೆದುಕೊಳ್ಳಬಹುದಿತ್ತು. ಸೌತ್ ಡಕೋಟ ಕಳೆದುಕೊಳ್ಳುತ್ತಿದ್ದದ್ದು ಅದರ ಬಜೆಟ್ಟಿನ ಅರ್ಧ ಶೇಕಡಕ್ಕಿಂತ ಕಡಿಮೆ. ಇಲ್ಲಿ ರಾಜ್ಯಗಳ ಬಜೆಟ್ಟಿನ 10%ಗಿಂತ ಜಾಸ್ತಿ. ಇದು ಒತ್ತು ಅಲ್ಲ, ತಲೆಗೆ ಬಂದೂಕು ಇಟ್ಟ ಹಾಗೆ ಅಂತ ಮುಖ್ಯ ನ್ಯಾಯಮೂರ್ತಿ ಬರೆದರು. ಏಳು ಜನ ನ್ಯಾಯಮೂರ್ತಿಗಳು ಆ ಷರತ್ತು ತಪ್ಪು ಅಂದರು. ಅದೇ ತೀರ್ಪಿನಲ್ಲಿ, ವಿಮೆ ಇಲ್ಲದವರು ಕಟ್ಟಬೇಕಾದ ದಂಡ 5-4ರಲ್ಲಿ ಉಳಿಯಿತು. ಯಾವ ಆಧಾರದ ಮೇಲೆ? ಅದು ತೆರಿಗೆ ಅಂತ. ನಾವು ಕಿತ್ತಾಡುತ್ತಿರುವ ಇದೇ ಕಲಮಿನ ಮೊದಲ ಅರ್ಧ!

ಪ್ರಶ್ನಾರ್ಥಕ:
ಹಾಗಾದರೆ 'ದುಡ್ಡು ಮಾತ್ರ, ಹುಕುಂ ಇಲ್ಲ' ಅಂದ ಹ್ಯಾಮಿಲ್ಟನ್ ಗೆರೆ ಅಳಿಸಿಹೋಯಿತಲ್ಲ. ದುಡ್ಡೇ ಹುಕುಂ ಆಯಿತು. ನಮ್ಮಲ್ಲಿ ಕೊಟ್ಟವನು ಕೋಡಂಗಿ ಇಸ್ಕೊಂಡವನು ಈರಭದ್ರ ಅಂತಾರೆ. ಇಲ್ಲಿ ಉಲ್ಟಾ. ಇಸ್ಕೊಂಡವನೇ ಕೋಡಂಗಿ.

ಬಡ್ಡಿಲೆಕ್ಕ:
ಪ್ರಶ್ನಾರ್ಥಕರೇ, ಇಷ್ಟು ದಿನದಲ್ಲಿ ನೀವು ಆಡಿದ ಮಾತುಗಳಲ್ಲಿ ಇದು ನಂಬರ್ ಒನ್. ಮ್ಯಾಡಿಸನ್ ಹೆದರಿದ್ದು ಮೀನಿಗಲ್ಲ, ಇದಕ್ಕೆ.

ಹಳೇಪೇಪರ್:
ಒಂದು ಚೂರು ಸೇರಿಸುತ್ತೇನೆ. ಈ ಪದಗಳನ್ನು ಒರೆಸಿಹಾಕಿ ನೋಡಿದವರೂ ಇದ್ದಾರೆ. 1861ರಲ್ಲಿ ದಕ್ಷಿಣದ ಗುಲಾಮಗಿರಿ ರಾಜ್ಯಗಳು ಒಡೆದು ಹೋಗಿ ತಮ್ಮದೇ ಸಂವಿಧಾನ ಬರೆದುಕೊಂಡಾಗ ಹಳೆಯದನ್ನೇ ಹೆಚ್ಚುಕಮ್ಮಿ ನಕಲು ಮಾಡಿದರು. ಆದರೆ ಪೀಠಿಕೆಯಿಂದಲೂ ತೆರಿಗೆ ಕಲಮಿನಿಂದಲೂ 'ಜನರಲ್ ವೆಲ್‌ಫೇರ್' ತೆಗೆದರು. ಪದಕ್ಕೆ ಏನೂ ಬಲ ಇಲ್ಲ ಅಂತ ನಂಬಿದ್ದರೆ ಅಷ್ಟು ಹುಡುಕಿ ತೆಗೆಯುತ್ತಿದ್ದರಾ?

ಬಡ್ಡಿಲೆಕ್ಕ:
ಅವರ ಜೊತೆ ನನ್ನನ್ನು ಸೇರಿಸಬೇಡಿ ಮಹಾರಾಯರೇ.

ಹಳೇಪೇಪರ್:
ಖಂಡಿತ ಇಲ್ಲ. ಆ ಉದ್ದೇಶ ನನಗಿರಲಿಲ್ಲ.

ಸಂಜೆಓದು:
ಇವತ್ತು ಊಟದ ಟೇಬಲ್ಲಿಗೆ ಎಲ್ಲ ತಗೊಂಡು ಹೋದೆ. ಮೊದಲನೆಯವರಿಗೆ 1937ರ ತೀರ್ಪು ಹೇಳಿದೆ. 'ಗೊತ್ತು, ಆದರೆ ಅದು ತಪ್ಪು ತೀರ್ಪು' ಅಂದರು. ಎರಡನೆಯವರಿಗೆ ಪೀಠಿಕೆ ಬೇರೆ, ತೆರಿಗೆಯ ಕಲಮು ಬೇರೆ ಅಂದೆ. 'ಹೌದಾ?' ಅಂತ ಫೋನ್ ತೆಗೆದು ಆ ಕಲಮನ್ನು ಮೊದಲ ಸಲ ಪೂರ್ತಿ ಓದಿದರು. ಓದಿ ಮುಗಿಸಿ, ಇದು ತೆರಿಗೆ ಬಗ್ಗೆ ಇದೆಯಲ್ಲ ಅಂದರು.

ಕೋರ್ಟುಕಟ್ಟೆ ಸಾರ್, ಮೊದಲನೆಯವರು ಕೇಳಿದ ಒಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. 'ಇದು ಜನರಲ್ ವೆಲ್‌ಫೇರ್ ಅಲ್ಲ' ಅನ್ನುವ ಒಂದೇ ಕಾರಣಕ್ಕೆ ಸುಪ್ರೀಂ ಕೋರ್ಟ್ ಯಾವುದಾದರೂ ಖರ್ಚನ್ನು ಹೊಡೆದುಹಾಕಿದೆಯಾ?

ಕೋರ್ಟುಕಟ್ಟೆ:
ಇಲ್ಲ. ಒಂದನ್ನೂ ಇಲ್ಲ. ಬಟ್ಲರ್ ಕೂಡ ಆ ಕಾರಣಕ್ಕಲ್ಲ. ಇದನ್ನು ಕೋರ್ಟಿನಲ್ಲಿ ಜಾರಿ ಮಾಡಬಹುದಾದ ಮಿತಿ ಅಂತ ಕರೆಯಬಹುದಾ ಅನ್ನುವುದೇ ಅನುಮಾನ ಅಂತ 1987ರ ತೀರ್ಪಿನ ಒಂದು ಅಡಿಟಿಪ್ಪಣಿಯಲ್ಲಿ ಕೋರ್ಟೇ ಒಪ್ಪಿಕೊಂಡಿದೆ.

ಬಡ್ಡಿಲೆಕ್ಕ:
ಅಡಿಟಿಪ್ಪಣಿಯಲ್ಲಿ! ಸಂಜೆಓದು, ಆ ಮೊದಲನೆಯವರನ್ನು ಒಂದು ದಿನ ಕಾಫಿಗೆ ಕರೆಯಿರಿ. ನಾನೂ ಬರುತ್ತೇನೆ.